ಬಾಗಿಲಿನ ಒಳಬದಿಗೆ ಬಂದ ಚಿಲಕ

ನಾನೊಂದು ಕಬ್ಬಿಣದ ಚಿಲಕ. ಕುಲುಮೆಯಲ್ಲಿ ಕೆಂಪಗೆ ಕಾದು, ಏಟು ತಿಂದು ಹುಟ್ಟಿದವನು. ಯಾವುದೋ ಮನೆಯ ಬಾಗಿಲು ಸೇರುತ್ತೇನೆ, ಒಳಗಿನವರು ನನ್ನನ್ನು ನಂಬಿ ಮಲಗುತ್ತಾರೆ ಎಂದು ಅಂಗಡಿಯಲ್ಲಿ ತೂಗಾಡುತ್ತ ಕನಸು ಕಂಡಿದ್ದೆ ನೋಡಿ.

ಕೊಂಡವನು ಟವೆಲ್ ಕಾರ್ಖಾನೆಯ ಮಾಲೀಕ ರೇವಣ್ಣ. ಕೆಲಸದ ಹುಡುಗಿಯರ ಹಾಸ್ಟೆಲ್ ಬಾಗಿಲಿಗೆ ನನ್ನನ್ನು ಹೊರಗಡೆ ಜಡಿಸಿದ. ಪಾಳಿ ಮುಗಿದು ಅವರು ಒಳಹೊಕ್ಕರೆ ಕಾವಲಿನವನು ನನ್ನನ್ನು ಎಳೆದು ಹಾಕುತ್ತಿದ್ದ. ಅವರ ಆಧಾರ್ ಕಾರ್ಡುಗಳೂ ರೇವಣ್ಣನ ಬೀರುವಿನಲ್ಲೇ. ಊರಿಗೆ ಹೋಗುತ್ತೇವೆಂದರೆ ಬಿಡುತ್ತಿರಲಿಲ್ಲ.

ಒಳಗಿನ ಮಾತು ಮರದ ಮೂಲಕ ನನಗೆ ತಲುಪುತ್ತಿತ್ತು. ರಾಯಚೂರು ಕಡೆಯ ಹುಲಿಗೆಮ್ಮ ಬಾಗಿಲಿಗೆ ಒರಗಿ ಕೂತು ಹೇಳುತ್ತಿದ್ದಳು: "ನಮ್ಮಜ್ಜಿ ಕಣ್ಣಾಗ ಬೆಳಕು ಕಡಿಮಿ ಆಗಾಕತ್ತೈತಂತ. ಪೂರಾ ಹೋಗೋದ್ರಾಗ ಒಮ್ಮಿ ಮಾರಿ ತೋರಿಸಿ ಬರ್ಬೇಕು."

"ನಿನ್ನ ಮಾರಿ ನೋಡಿದ್ರ ಇದ್ದ ಬೆಳಕೂ ಹೋದೀತು, ಸುಮ್ನ ಮಕ್ಕೋ" ಎಂದು ಗೆಳತಿ ನಗಿಸುತ್ತಿದ್ದಳು. ಆಮೇಲೆ ಅವರ ಕನಸುಗಳು ಜೋಳದ ಹೊಲದ ವಾಸನೆ ಹೊತ್ತು ಬಾಗಿಲ ತನಕ ಬಂದು, ನನಗೆ ತಾಗಿ ನಿಂತುಬಿಡುತ್ತಿದ್ದವು.

ಒಂದು ಮಧ್ಯಾಹ್ನ, ಟವೆಲ್ ಕೊಳ್ಳುವ ಕಂಪನಿಯ ಯಶೋದಾ ಕಾಮತ್ ಬಂದರು. ಮಗ್ಗಗಳನ್ನು ನೋಡಿ, ಹುಡುಗಿಯರು ಮಲಗುವ ಜಾಗ ತೋರಿಸಿ ಎಂದರು. ನನ್ನ ಮೇಲೆ ಬೆರಳಿಟ್ಟು ಕೇಳಿದರು: "ರೇವಣ್ಣೋರೇ, ಚಿಲಕ ಹೊರಗಡೆ ಯಾಕಿದೆ?"

"ಅವ್ರ ಸೇಫ್ಟಿಗೆ ಮೇಡಂ."

"ಹಂಗಾದ್ರೆ ಒಳಗಡೆ ಇರಬೇಕಿತ್ತಲ್ಲ?"

ರೇವಣ್ಣನ ನಗು ಆರಿತು. "ಮಾಲು ಅರ್ಜೆಂಟು ಅಂತ ದಿನಾ ಫೋನ್ ಮಾಡೋರು ನೀವೇ. ಊರಿಗೆ ಬಿಟ್ರೆ ಇವ್ರು ವಾಪಸ್ ಬರಲ್ಲ. ಆಮೇಲೆ ಮಗ್ಗ ನಾನೊಬ್ನೇ ಓಡಿಸ್ಲಾ?"

ನನ್ನ ಮೇಲಿದ್ದ ಆಕೆಯ ಬೆರಳು ಬೆವರಿತು.

"ಅವಸರ ಮಾಡಿದ್ದು ನಮ್ಮ ತಪ್ಪು. ಮಾಲು ತಡವಾಗ್ಲಿ, ಕಾಯ್ತೀವಿ. ಆರ್ಡರ್ ಬೇರೆಯವ್ರಿಗೆ ಕೊಟ್ಟು ಕೈ ತೊಳ್ಕೊಳಲ್ಲ, ಈ ಹುಡುಗೀರು ಎಲ್ಲಿಗೆ ಹೋಗ್ಬೇಕು? ಆದ್ರೆ ಇವ್ರ ಆಧಾರ್ ಕಾರ್ಡ್ ನಿಮ್ಮ ಹತ್ರ ಇದೆ ಅಂತ ಮಗ್ಗದ ಹತ್ರ ಗೊತ್ತಾಯ್ತು. ಇವತ್ತೇ ವಾಪಸ್ ಕೊಡಿ, ಚಿಲಕ ಬಿಚ್ಚಿಸಿ ಒಳಗಡೆ ಹಾಕ್ಸಿ. ಅಲ್ಲೀವರೆಗೂ ಒಂದು ಟವೆಲ್ಲೂ ನಮ್ಮ ಲಾರಿ ಹತ್ತಲ್ಲ."

ಸಂಜೆ ಕಾರ್ಡುಗಳು ಹುಡುಗಿಯರ ಕೈ ಸೇರಿದವು, ಬಡಗಿಯೂ ಬಂದ. ನಾನು ಒಳಗಡೆಗೆ ಬಂದೆ. ಮರುದಿನ ಹುಲಿಗೆಮ್ಮ ಚೀಲ ಹಿಡಿದು ಹೊರಟಳು, ಮರಳಲಿಲ್ಲ. ಮುಂದೆ ಕೆಲವರು ಊರಿಗೆ ಹೋಗಿ, ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು.

"ಹುಲಿಗೆಮ್ಮ ಬರಲೇ ಇಲ್ಲ, ನೋಡಿದ್ರಾ ಮೇಡಂ?" ಎಂದ ರೇವಣ್ಣ, ಯಶೋದಾ ಮತ್ತೊಮ್ಮೆ ಬಂದಾಗ.

"ಅದು ಅವಳಿಷ್ಟ. ಬರಬೇಕು ಅನ್ನಿಸೋ ಹಾಗೆ ನಡೆಸ್ಕೊಳ್ಳೋದು ನಿಮ್ಮ ಕೆಲಸ."

ಈಗ ನನಗೆ ತುಕ್ಕು. ಎಳೆದರೆ ಗೊಣಗುತ್ತೇನೆ. ಹುಡುಗಿಯರು ಬೈಯುತ್ತ ತಾವೇ ನನ್ನನ್ನು ಹಾಕಿಕೊಂಡು ಮಲಗುತ್ತಾರೆ. ಅರೆನಿದ್ದೆಯಲ್ಲಿ ನನಗೊಂದು ಅಂಗಳ ಕಾಣುತ್ತದೆ. ಮುದುಕಿಯೊಬ್ಬಳು ಹುಲಿಗೆಮ್ಮನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸುತ್ತಾಳೆ. ಆ ಕಣ್ಣಲ್ಲಿ ಬೆಳಕು ಉಳಿದಿತ್ತೋ ಇಲ್ಲವೋ, ಹೇಳುವವರಿಲ್ಲ. ಯಾರಾದರೂ ಊರಿಂದ ಬಂದು ಚೀಲ ಇಳಿಸಿದಾಗಲೆಲ್ಲ ನಾನು ಕಿವಿಗೊಡುತ್ತೇನೆ.