ಕಾವ್ಯಳ ಡಬ್ಬಿ ಲಾರಿ

“ನಿಮ್ಮ ಕಾವ್ಯನ ರೊಟ್ಟಿ ತಿಂದು ತಿಂದು ನಮ್ಮ ಓಣಿ ನಾಯಿ ಪೈಲ್ವಾನ್ ಆಗೈತಿ ನೋಡ್ರಿ ಎರ್ರಮ್ಮಕ್ಕ!”

ಶಾಲೆಯ ವ್ಯಾನು ಓಡಿಸುವ ಕೊಟ್ರಯ್ಯ ಹೀಗೆಂದು ನಕ್ಕು, ಕಾವ್ಯಳ ಸ್ಟೀಲ್ ಡಬ್ಬಿಯನ್ನು ಎರ್ರಮ್ಮನ ಕೈಗಿಟ್ಟ. “ಇವತ್ತು ನಾಯಿ ಬಂದಿಲ್ಲ. ಅದಕ್ಕ ಡಬ್ಬಿ ಭಾರ ಐತಿ.”

ಎರ್ರಮ್ಮನೂ ನಕ್ಕಳು. ಬಾಗಿಲ ಒಳಗೆ ಬಂದು ಮುಚ್ಚಳ ತೆಗೆದಾಗ ನಗು ಹೋಯಿತು. ಬೆಳಿಗ್ಗೆ ಮಡಚಿಟ್ಟ ರೊಟ್ಟಿ ಹಾಗೇ ಇತ್ತು, ಒಣಗಿ ಚಪ್ಪಲಿಯ ಅಟ್ಟೆಯಂತೆ ಸೆಟೆದುಕೊಂಡಿತ್ತು. ಐದು ವರ್ಷದ ಮಗಳು ಚೀಲ ಕೂಡ ಇಳಿಸದೆ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.

ಅದು ಅವರ ಊರಾದ ಬಂಡ್ರಿಯ ಹಾದಿಯಲ್ಲಿ ಅದಿರಿನ ಲಾರಿಗಳು ಸಾಲುಸಾಲಾಗಿ ಹರಿಯುತ್ತಿದ್ದ ಕಾಲ. ಬಿಳಿ ಬಟ್ಟೆ ಒಣಹಾಕಿದರೆ ಸಂಜೆಯ ಹೊತ್ತಿಗೆ ಕಾವಿ ಬಟ್ಟೆಯಾಗುತ್ತಿತ್ತು. ಆ ಲಾರಿಗಳಲ್ಲಿ ಒಂದನ್ನು ಓಡಿಸುತ್ತಿದ್ದವನು ಎರ್ರಮ್ಮನ ಗಂಡ ಹಾಲೇಶ್. ಸಂಡೂರಿನ ಗುಡ್ಡದಲ್ಲಿ ಲೋಡ್ ತುಂಬಿಕೊಂಡು ಘಟ್ಟ ಇಳಿದು ಸಮುದ್ರದ ದಂಡೆಯ ಬಂದರಿಗೆ ಹೋದನೆಂದರೆ ಎಂಟು ದಿನವೋ ಹದಿನೈದು ದಿನವೋ, ಅವನಿಗೇ ಗೊತ್ತಿರುತ್ತಿರಲಿಲ್ಲ. ಬರುವಾಗ ಮಾತ್ರ ದಾರಿಯ ಡಾಬಾದಿಂದ ಕುರುಕಲು ಪಾಕೀಟುಗಳ ಸರವನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡೇ ಇಳಿಯುತ್ತಿದ್ದ. ಕಾವ್ಯ ಅದಕ್ಕೆ ಇಟ್ಟ ಹೆಸರು ‘ಅಪ್ಪನ ಪಾಕೀಟು’. ಅವನು ಹೋದ ಮೇಲೆ ದಿನಕ್ಕೊಂದು ಹರಿದುಕೊಂಡು ತಿನ್ನುವಳು. ಬೇರೆ ಏನು ಕೊಟ್ಟರೂ ಬಾಯಿ ಬಿಗಿಯುವಳು.

ಅಂಗನವಾಡಿಯ ಮರುಳಸಿದ್ದಮ್ಮ ಪಕ್ಕದ ಮನೆಯವಳು. ಆ ಶನಿವಾರ ಕಾವ್ಯಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಮುಖ ಸಣ್ಣ ಮಾಡಿದಳು.

“ಹದಿಮೂರೂವರಿ ಕೆಜಿ. ಹೋದ ತಿಂಗಳು ಹದಿನಾಲ್ಕು ಇತ್ತು. ಬೆಳೆಯೋ ಕೂಸು ಇಳೀಬಾರದು ಎರ್ರಿ. ಮೊದಲು ಡಾಕ್ಟ್ರಿಗೆ ತೋರಸು.”

ಎರ್ರಮ್ಮ ಸಂಡೂರಿಗೆ ಹೋಗಿ ತೋರಿಸಿದಳು. ಡಾಕ್ಟರು ಜಂತಿನ ಗುಳಿಗೆ ಕೊಟ್ಟು, “ರೋಗ ಏನಿಲ್ಲಮ್ಮ, ಊಟ ಇಲ್ಲ ಅಷ್ಟೇ” ಅಂದರು. ಅಷ್ಟೇ ಅನ್ನುವುದು ಸುಲಭ. ಎರ್ರಮ್ಮ ಬೈದಳು, ಮುದ್ದು ಮಾಡಿದಳು, ಮೂಗು ಹಿಡಿದು ತುರುಕಿದಳು. ತುರುಕಿದ್ದೆಲ್ಲ ವಾಂತಿಯಾಯಿತು.

ಒಂದು ದಿನ ಹಾಸಿಗೆ ಕೊಡವುವಾಗ ಕಾವ್ಯಳ ದಿಂಬಿನ ಕೆಳಗಿಂದ ಖಾಲಿ ಪಾಕೀಟುಗಳು ಸರಸರನೆ ಉದುರಿದವು. ಹನ್ನೊಂದಿದ್ದವು, ಒಂದೊಂದನ್ನೂ ನೀಟಾಗಿ ಮಡಚಿಟ್ಟಿದ್ದಳು. ಎರ್ರಮ್ಮ ಅವನ್ನು ಹಿಡಿದುಕೊಂಡು ನಿಂತೇಬಿಟ್ಟಳು. ಅವಳ ತಲೆದಿಂಬಿನ ಕೆಳಗೂ ಹಾಲೇಶನ ಹಳೆಯ ಟವೆಲ್ಲು ಒಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮರುಳಸಿದ್ದಮ್ಮನಿಗೆ ಪಾಕೀಟು ತೋರಿಸಿದಾಗ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅದರ ಹಸಿವು ಪಾಕೀಟಿಂದಲ್ಲ ಎರ್ರಿ, ಅಪ್ಪಂದು. ಆ ಪಾಕೀಟಿನ್ಯಾಗ ಉಪ್ಪು, ಎಣ್ಣಿ ಬಿಟ್ರ ಏನೈತಿ? ಹೊಟ್ಟಿ ತುಂಬಿದಂಗ ಆಗತೈತಿ, ಊಟ ಸೇರಂಗಿಲ್ಲ. ನೀ ಒಂದು ಕೆಲಸ ಮಾಡು. ಅದಕ್ಕ ಏನು ಇಷ್ಟಾನೋ ಅದನ್ನ ಡಬ್ಬಿಯೊಳಗ ತಾ. ನಮ್ಮ ಅಂಗನವಾಡ್ಯಾಗ ಹೆಸರುಕಾಳಿನ ಉಂಡಿಗೆ ಎರಡು ಕಿವಿ ಇಟ್ಟು ಮೊಲ ಅಂತೀನಿ. ಕಾಳು ಉಗುಳೋ ಹುಡುಗ್ರು ಮೊಲ ತಿಂತಾರ ನೋಡು, ಮಸ್ತ್!”

ಹೊಸ್ತಿಲಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅತ್ತೆ ವಿರುಪಮ್ಮನ ಕೈ ನಿಂತಿತು.

“ಅನ್ನ ಅಂದ್ರ ದೇವ್ರು. ಅದಕ್ಕ ಕಿವಿ, ಮೂಗು ಮಾಡಿ ಆಟ ಆಡ್ತಾರೇನು? ನಾನೂ ಆರು ಮಕ್ಕಳನ್ನ ಬೆಳೆಸೀನಿ. ಯಾರಿಗೂ ಮೊಲ ಮಾಡಿ ಕೊಟ್ಟಿಲ್ಲ.”

“ಹಂಗಾರ ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಯಾಕ ಮಾಡ್ತಿಯತ್ತಿ?” ಮರುಳಸಿದ್ದಮ್ಮ ಬಿಡಲಿಲ್ಲ. “ಸಕ್ಕರಿ ಪಾಕ ಅಚ್ಚಿಗೆ ಹೊಯ್ದು ಆನಿ, ಒಂಟಿ, ನವಿಲು. ಹೋದ ಸಲ ನವಿಲಿನ ತಲಿ ಕಟುಮ್ ಅಂತ ಕಡದು ತಿಂದವರು ಯಾರು?”

“ಅದು ಹಬ್ಬ.”

“ಮಗು ಹೊಟ್ಟಿತುಂಬ ಉಂಡ ದಿನಾ ಹಬ್ಬ ಅಲ್ಲೇನು?”

ವಿರುಪಮ್ಮ ಅಡಿಕೆಯನ್ನು ಮೊದಲಿಗಿಂತ ಜೋರಾಗಿ ಕತ್ತರಿಸಿದಳು.

ಮರುದಿನ ಎರ್ರಮ್ಮ ಬೇಗ ಎದ್ದು ಮೆತ್ತನೆಯ ರೊಟ್ಟಿಯನ್ನು ಚೌಕವಾಗಿ ಕತ್ತರಿಸಿ ಲಾರಿ ಮಾಡಿದಳು. ಬೇಯಿಸಿದ ಕ್ಯಾರೆಟ್ಟಿನ ಬಿಲ್ಲೆಗಳು ಗಾಲಿಯಾದವು. ಲೋಡ್ ಹಾಕುವ ಹಿಂಭಾಗಕ್ಕೆ ಬೀಟ್‌ರೂಟ್ ಪಲ್ಯ ತುಂಬಿದಳು. ಥೇಟ್ ಅದಿರಿನ ಬಣ್ಣ! ಕ್ಯಾಬಿನ್ನಿನಲ್ಲಿ ಸೌತೆಕಾಯಿಯ ತುಂಡೊಂದು ಕುಳಿತಿತ್ತು. ಕಾವ್ಯ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದಳು.

“ಅಪ್ಪಾ! ಅವ್ವಾ, ಇದರಾಗ ಅಪ್ಪ ಕುಂತಾನ!”

ಸಂಜೆ ಎರ್ರಮ್ಮ ವ್ಯಾನಿನ ದಾರಿ ಕಾದು ನಿಂತಳು. ಡಬ್ಬಿ ಭಾರವಾಗಿತ್ತು. ತೆರೆದರೆ ಲಾರಿ ಹಾಗೇ ಇತ್ತು. ಗಾಲಿ ಬಾಡಿದ್ದವು, ಪಲ್ಯ ಹಳಸಿತ್ತು.

“ಯಾಕವ್ವಾ ತಿಂದಿಲ್ಲ?”

“ತಿಂದ್ಬಿಟ್ರ ಅಪ್ಪ ಹೆಂಗ ಬರ್ತಾನ?”

‘ನಾನು ಹೇಳಿರಲಿಲ್ಲವೇ’ ಅನ್ನಲು ಬಾಯಿ ತೆರೆದಿದ್ದ ವಿರುಪಮ್ಮ ಆ ಮಾತು ಕೇಳಿ ಅಡಿಕೆ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು.

ಆಗ ಎರ್ರಮ್ಮ, ಯಾವ ತಾಯಿಯೂ ಮಾಡಬಹುದಾದ ತಪ್ಪೊಂದನ್ನು ಮಾಡಿದಳು. “ಹಂಗಲ್ಲ ಬಂಗಾರಿ, ಪೂರಾ ತಿಂದ್ರ ಅಪ್ಪ ಜಲ್ದಿ ಬರ್ತಾನ” ಅಂದುಬಿಟ್ಟಳು.

ಮರುದಿನ ಡಬ್ಬಿ ತೊಳೆದಂತೆ ಖಾಲಿಯಾಗಿ ಬಂತು. ಎರ್ರಮ್ಮನಿಗೆ ಸ್ವರ್ಗ ಸಿಕ್ಕಂತಾಯಿತು. ಆದರೆ ಕಾವ್ಯ ಬಟ್ಟೆ ಬದಲಿಸದೆ ಹೊಸ್ತಿಲಲ್ಲಿ ಕುಳಿತಳು. ಒಂದೊಂದು ಲಾರಿ ಸದ್ದಿಗೂ ಎದ್ದು ನಿಲ್ಲುವಳು. ಲಾರಿಗಳಿಗೇನು ಬರವೇ ಆ ಹಾದಿಯಲ್ಲಿ? ದೀಪ ಹಚ್ಚುವ ಹೊತ್ತಾದ ಮೇಲೆ ಒಳಗೆ ಬಂದು ಅವ್ವನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು:

“ಅವ್ವಾ, ಒಂದು ಗಾಲಿ ಕೆಳಗ ಬಿದ್ದಿತ್ತು. ಅದನ್ನ ತಿಂದಿಲ್ಲ. ಅದಕ್ಕ ಬರಲಿಲ್ಲೇನು ಅಪ್ಪ?”

ಎರ್ರಮ್ಮ ಮಗಳನ್ನು ಅಪ್ಪಿಕೊಂಡು ಗೋಡೆಗೆ ಮುಖ ತಿರುಗಿಸಿದಳು.

ಸುದ್ದಿ ಕೇಳಿ ಮರುಳಸಿದ್ದಮ್ಮ ಬೈದೇ ಬೈದಳು. “ಹುಚ್ಚಿ! ಉಣ್ಣೋದಕ್ಕೂ ಅಪ್ಪ ಬರೋದಕ್ಕೂ ಗಂಟು ಹಾಕ್ತಾರೇನು? ಇನ್ನ ಅವ ತಡಾ ಆದಾಗೆಲ್ಲ ಕೂಸು ತನ್ನದ ತಪ್ಪು ಅನ್ಕೊಂತೈತಿ. ತಿಂದ್ರ ಅದು ಕೊಡ್ತೀನಿ, ತಿನ್ನದಿದ್ರ ಗುಮ್ಮ ಬರ್ತಾನ, ಇಂಥ ಚೌಕಾಸಿ ಊಟದ ಮುಂದ ಬ್ಯಾಡ. ಖರೇ ಇದ್ದದ್ದು ಹೇಳು.”

“ಖರೇ ಏನಂತ ಹೇಳಲಕ್ಕ? ನನಗ ಗೊತ್ತಿಲ್ಲ ಅವರು ಯಾವಾಗ ಬರ್ತಾರಂತ.”

“ಅದನ್ನ ಹೇಳು.”

ಆ ಭಾನುವಾರ ಹಾಲೇಶನ ಫೋನು ಬಂತು. ಎರ್ರಮ್ಮ ಮೊಬೈಲನ್ನು ಮಗಳ ಕಿವಿಗೆ ಹಿಡಿದು ತಾನೂ ಕಿವಿ ಹಚ್ಚಿದಳು.

“ಅಪ್ಪಾ, ಎಲ್ಲಿ ಅದೀ?”

“ಇಲ್ಲೇ ಬಂದರದಾಗ, ಸಾಲಿನ್ಯಾಗ ನಿಂತೀನವ್ವಾ. ಮುಂದ ಇನ್ನೂ ನೂರು ಗಾಡಿ ಅದಾವು.”

“ಜಲ್ದಿ ಬಾ.”

“ಬರಬೇಕಂದ್ರ ಲೋಡ್ ಇಳೀಬೇಕಲ್ಲ? ಲೋಡ್ ಇಳಿದ್ರ ಗಾಡಿ ಖಾಲಿ. ಖಾಲಿ ಆದ್ರ ಗಾಡಿ ಮಾರಿ ಊರಿನ ಕಡೆ.”

ಫೋನಿಟ್ಟ ಮೇಲೆ ಕಾವ್ಯ, ಗಾಡಿ ಊರಿನತ್ತ ಮುಖ ಮಾಡುವ ಆ ಮಾತನ್ನೇ ಹಾಡಿನಂತೆ ಹೇಳಿಕೊಂಡು ಅಂಗಳ ಸುತ್ತಿದಳು. “ಖಾಲಿ ಆದ್ರ ಮಾರಿ ಊರಿನ ಕಡೆ, ಖಾಲಿ ಆದ್ರ ಮಾರಿ ಊರಿನ ಕಡೆ.”

ಅದನ್ನು ಕೇಳುತ್ತ ಕುಳಿತಿದ್ದ ವಿರುಪಮ್ಮ ಎದ್ದಳು. ಅಡಿಕೆ ಕತ್ತರಿ ಬದಿಗಿಟ್ಟು, ಒಳಗಿನಿಂದ ಸ್ಟೀಲ್ ಡಬ್ಬಿ ತಂದಳು. ಕರ್ಚೀಫಿಗೆ ಬಣ್ಣದ ನೂಲಿನಿಂದ ನಾಲ್ಕು ಗಾಲಿ ಹೊಲಿದು ಡಬ್ಬಿಯ ಸುತ್ತ ಕಟ್ಟಿದಳು.

“ಬಾ ಇಲ್ಲೆ. ಲಾರಿ ತಿನ್ನೋದಲ್ಲ ಹುಚ್ಚಕೂಸ, ಡಬ್ಬೀನ ಲಾರಿ! ಊಟ ಅದರ ಲೋಡು. ನಿನ್ನ ಹೊಟ್ಟಿ ಬಂದರು. ಮಧ್ಯಾಹ್ನ ಲೋಡ್ ಇಳಸು, ನಾಕು ಗಂಟಿಗೆ ಖಾಲಿ ಗಾಡಿ ಮನಿಗೆ ಹೊಡಿ.”

“ಅವಾಗ ಅಪ್ಪ ಬರ್ತಾನ?”

ಎರ್ರಮ್ಮ ಮಗಳ ಎದುರು ಕುಳಿತಳು. ಈ ಸಲ ಖರೆ ಮಾತನ್ನು ನುಂಗಲಿಲ್ಲ. “ಅಪ್ಪನ ಗಾಡಿ ಯಾವಾಗ ಬರತೈತೋ ನನಗ ಗೊತ್ತಿಲ್ಲವ್ವಾ. ನನಗೂ ಭಾಳ ನೆನಪಾಗತೈತಿ. ನಿನ್ನ ಗಾಡಿ ಮಾತ್ರ ದಿನಾ ನಾಕು ಗಂಟಿಗೆ ಬರತೈತಿ. ನಾನು ಬಾಗಿಲಾಗ ನಿಂತಿರ್ತೀನಿ.”

ಕಾವ್ಯ ಬಹಳ ಹೊತ್ತು ಅವ್ವನ ಮುಖ ನೋಡಿದಳು. ಆಮೇಲೆ ಕೇಳಿದಳು: “ನಾಳೆ ಏನು ಲೋಡು?”

ಅಲ್ಲಿಂದ ಶುರುವಾಯಿತು ನೋಡಿ. ಅಪ್ಪನ ಗಾಡಿ ಓಡಾಡುವ ಊರುಗಳಿಂದ ದಿನಕ್ಕೊಂದು ಲೋಡು. ಕಂಪ್ಲಿಯ ಲೋಡೆಂದರೆ ಅಕ್ಕಿ: ಪುಟ್ಟ ಪುಟ್ಟ ಇಡ್ಲಿ ಮೂಟೆಗಳು, ನಡುವೆ ಗಟ್ಟಿ ಬೇಳೆ. ಹೊಸಪೇಟೆಯದು ಬಾಳೆಹಣ್ಣು ಮತ್ತು ಬೆಲ್ಲ ಸವರಿದ ಸಣ್ಣ ಚಪಾತಿ ಸುರುಳಿ. ಸಂಡೂರಿನದು ಗುಡ್ಡ: ನುಗ್ಗೆಸೊಪ್ಪು ಕಲಸಿದ ಹಸಿರನ್ನ, ತುದಿಗೆ ಅರ್ಧ ಮೊಟ್ಟೆಯ ಸೂರ್ಯ. ಹಂಪಿಯ ಲೋಡು ಬಂಡೆಗುಂಡುಗಳು. ಪುಡಿ ಮಾಡಿದ ಶೇಂಗಾ, ಹುರಿದ ಹೆಸರಿನ ಹಿಟ್ಟು, ಬೆಲ್ಲ ಸೇರಿಸಿದ ಉಂಡೆಗಳು, ಒಂದರ ಮೇಲೊಂದು. ಇಡೀ ಶೇಂಗಾ ಹಾಕಹೋದ ಎರ್ರಮ್ಮನನ್ನು ಮರುಳಸಿದ್ದಮ್ಮ ತಡೆದಿದ್ದಳು: “ಸಣ್ಣಮಕ್ಕಳ ಗಂಟಲಿಗೆ ಸಿಗತಾವು. ಪುಡಿ ಮಾಡು.”

ಉಂಡೆ ಕಟ್ಟುವುದು ಕಾವ್ಯಳ ಕೆಲಸ. ಕೈ ತೊಳೆದುಕೊಂಡು ಕಟ್ಟಿದ ಉಂಡೆಗಳು ಸೊಟ್ಟಪಟ್ಟ. “ಹಂಪಿ ಗುಂಡು ಯಾವುದು ಗುಂಡಗಿರತೈತಿ ಬಿಡು” ಅನ್ನುವಳು ವಿರುಪಮ್ಮ. ಅವಳೂ ಸುಮ್ಮನಿರಲಿಲ್ಲ. ಅಟ್ಟದ ಮೇಲಿದ್ದ ಸಕ್ಕರೆ ಆರತಿಯ ಕಟ್ಟಿಗೆಯ ಅಚ್ಚು ಇಳಿಸಿ, ತೊಳೆದು, ತುಪ್ಪ ಸವರಿ ಅದರಲ್ಲಿ ಅವಲಕ್ಕಿ-ಬೆಲ್ಲ ಒತ್ತಿ ನವಿಲು ಮಾಡಿದಳು. ಹಬ್ಬವಲ್ಲದ ದಿನ!

ಎಲ್ಲ ದಿನ ಡಬ್ಬಿ ಖಾಲಿಯಾಗಿ ಬರಲಿಲ್ಲ, ಅದೂ ಖರೆ. ಸೊಪ್ಪಿನ ಗುಡ್ಡ ಎರಡು ಸಲ ಅರ್ಧವೇ ಕರಗಿತು. ಎರ್ರಮ್ಮ ಬೈಯಲಿಲ್ಲ, ಮೂರನೆಯ ಸಲ ಗುಡ್ಡ ಸಣ್ಣದು ಮಾಡಿದಳು. ಎರಡು ತಿಂಗಳಿಗೆ ತಕ್ಕಡಿ ಹದಿನಾಲ್ಕೂ ಕಾಲು ತೋರಿಸಿತು. ಕೊಟ್ರಯ್ಯ ವ್ಯಾನಿನಿಂದಲೇ ಕೂಗುತ್ತಿದ್ದ: “ಖಾಲಿ ಗಾಡಿ ಬಂತ್ರೋ! ನಮ್ಮ ನಾಯಿ ಸೊರಗೈತಿ ನೋಡ್ರಿ!”

ಆ ಎರಡು ತಿಂಗಳ ನಡುವೆ ಹಾಲೇಶ್ ಬಂದ ದಿನ ಅವನ ಕೊರಳಲ್ಲಿ ಎಂದಿನ ಪಾಕೀಟಿನ ಸರವಿತ್ತು. ಕಾವ್ಯ ಅವನ ಕೊರಳಿಗೆ ಬಿದ್ದಳು, ಪಾಕೀಟಿಗಲ್ಲ. ಮೂರು ದಿನ ಇಳಿಯಲೇ ಇಲ್ಲ. ಎರ್ರಮ್ಮ ದಿಂಬಿನ ಕೆಳಗಿನ ಪಾಕೀಟುಗಳ ವಿಷಯ ಹೇಳಿದಾಗ ಅವನು ತಲೆ ತಗ್ಗಿಸಿದ.

“ಕೈ ಬೀಸ್ಕೊಂತ ಹೆಂಗ ಬರಲೇ? ಏನರ ತರಬೇಕಲ್ಲ.”

“ಹಣ್ಣು ತರ್ರಿ. ಇಲ್ಲಾ, ಸುಮ್ನ ನೀವು ಬರ್ರಿ,” ಅಂದಳು ಎರ್ರಮ್ಮ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿಗೆ ಲಾರಿಯೇ ಬೇಕೆಂದಿಲ್ಲ. ಅದಕ್ಕೆ ಆಡು ಇಷ್ಟವಿರಬಹುದು, ಬಸ್ಸು, ಚಂದ್ರ, ಅಜ್ಜಿಯ ಕನ್ನಡಕ ಏನೋ ಒಂದು. ಒಮ್ಮೆ ಕೇಳಿ ನೋಡಿ. ಖರ್ಚು ಹೆಚ್ಚು ಬೇಡ. ಮನೆಯ ರೊಟ್ಟಿ, ಕಾಳು, ಸೊಪ್ಪು, ಹಣ್ಣು, ಮೊಟ್ಟೆ ಸಾಕು. ಸ್ವಲ್ಪ ಸ್ವಲ್ಪ ಇಡಿ, ಬಣ್ಣ ಬಣ್ಣವಾಗಿ ಇಡಿ, ಮಾಡುವಾಗ ಮಗುವಿನ ಕೈಯನ್ನೂ ಸೇರಿಸಿಕೊಳ್ಳಿ. ತುರುಕಬೇಡಿ, ಹೆದರಿಸಬೇಡಿ, ಇಲ್ಲದ ಆಸೆ ತೋರಿಸಬೇಡಿ. ತೂಕ ಇಳಿಯುತ್ತಿದ್ದರೆ ನಿಮ್ಮ ಅಂಗನವಾಡಿಗೆ, ಡಾಕ್ಟರಿಗೆ ತೋರಿಸಿ. ಡಬ್ಬಿ ತುಂಬಿ ವಾಪಸು ಬಂದರೆ ಮಗುವನ್ನು ಬೈಯುವ ಮೊದಲು ಅದು ಯಾವುದಕ್ಕೆ ಹಸಿದಿದೆ ಎಂದು ಒಂದು ಗಳಿಗೆ ಯೋಚಿಸಿ.

ನಾಲ್ಕನೆಯ ದಿನ ಹಾಲೇಶ್ ಮತ್ತೆ ಹೊರಟ. ಲಾರಿ ಗುರ್ರೆನ್ನುತ್ತಿತ್ತು. ಕಾವ್ಯ ಓಡಿ ಬಂದು ಇನ್ನೊಂದು ಡಬ್ಬಿಯನ್ನು ಕ್ಯಾಬಿನ್ನಿಗೆ ಎತ್ತಿ ಹಿಡಿದಳು. ಅದಕ್ಕೂ ಅಜ್ಜಿ ನೂಲಿನ ಗಾಲಿ ಹೊಲಿದಿದ್ದಳು.

“ಏನಿದು?”

“ಹಂಪಿ ಲೋಡು. ಚೆಲ್ಲಬ್ಯಾಡ. ಖಾಲಿ ಮಾಡ್ಕೊಂಡು ಬಾ.”

“ಆತವ್ವಾ,” ಅಂದ ಹಾಲೇಶ್. ಎರ್ರಮ್ಮನ ಕಡೆ ನೋಡಿ ಇನ್ನೇನೋ ಹೇಳಹೋದ. ಹಿಂದಿನ ಲಾರಿ ಹಾರನ್ ಹೊಡೆಯಿತು.

ಗಾಡಿ ತಿರುವು ದಾಟಿದ ಮೇಲೂ ಧೂಳು ಬಹಳ ಹೊತ್ತು ನಿಂತಿತ್ತು. ಎರ್ರಮ್ಮ ಒಳಗೆ ಬಂದು, ಡಬ್ಬಿಗಳನ್ನಿಡುವ ಹಲಗೆಯ ಮೇಲಿನ ಕೆಂಪನ್ನು ಸೆರಗಿನಿಂದ ಒರೆಸಿದಳು. ಕಾವ್ಯಳ ಡಬ್ಬಿಯನ್ನು ಒಂದು ಬದಿಗೆ ಸರಿಸಿಟ್ಟು, ಪಕ್ಕದಲ್ಲಿ ಇನ್ನೊಂದು ಡಬ್ಬಿಯಷ್ಟು ಜಾಗ ಬಿಟ್ಟಳು.