ಲಗಮಣ್ಣನವರ ಪಿಸ್ತೂಲು

ಕರೆದರೆ ತಟ್ಟನೆ ತಿರುಗುವ ರೂಢಿ ಲಗಮಣ್ಣನವರಿಗಿಲ್ಲ. ಕೈಲಿದ್ದುದನ್ನು ಅದರ ಜಾಗದಲ್ಲಿಟ್ಟು, ಬೆರಳು ಒರೆಸಿಕೊಂಡು, ಕತ್ತನ್ನಷ್ಟೇ ಅಲ್ಲ, ಇಡೀ ದೇಹವನ್ನೇ ತಿರುಗಿಸಿ ‘ಏನವ್ವಾ?’ ಎನ್ನುವರು, ಫೌಜಿನಲ್ಲಿ ಬಂದೂಕು ದುರಸ್ತಿ ಮಾಡುತ್ತ ಯೌವನ ಕಳೆದ ಮನುಷ್ಯ. ತೆಲಸಂಗದ ಈ ದ್ರಾಕ್ಷಿ ತೋಟದ ಮನೆಗೆ ಪಟ್ಟಣದಿಂದ ಸೊಸೆಯಾಗಿ ಬಂದ ಅಪೂರ್ವಳಿಗೆ ಮಾವನ ಆ ನಿಧಾನ ಮೊದಲು ಕಿವುಡೆಂದೂ ಆಮೇಲೆ ಸೊಕ್ಕೆಂದೂ ತೋರಿತ್ತು. ಮಗಳು ನಡೆಯಲು ಕಲಿತ ಮೇಲಂತೂ ಅವಳ ದಿಗಿಲೆಲ್ಲ ಅವರ ಟ್ರಂಕಿನಲ್ಲಿದ್ದ ಲೈಸೆನ್ಸಿನ ಪಿಸ್ತೂಲಿನ ಸುತ್ತಲೇ. ಟ್ರಂಕಿಗೆ ಬೀಗವಿತ್ತು, ನಿಜ. ಅವಳ ಕನಸಿನಲ್ಲಿ ಮಾತ್ರ ಅದು ಎಂದೂ ತೆರೆದೇ ಇರುತ್ತಿತ್ತು.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ಮರುದಿನ ತೋಟದಂಚಿನ ಮಣ್ಣುದಿಬ್ಬಕ್ಕೆ ಒಂದು ಗುಂಡು ಹಾರಿಸಿ ನೋಡುವುದು ಅವರ ವಾಡಿಕೆ. ಈ ಸಲ, ಚಾಟಣಿ ಮಾಡಿ, ಕಡ್ಡಿ ಕತ್ತರಿಸಿ ಬೋಳಾದ ಬಳ್ಳಿಗಳ ನಡುವೆ ತೆಳುಮಂಜು ನಿಂತಿದ್ದ ಮುಂಜಾವಿನಲ್ಲಿ, ಬಿಳಿ ಧೋತರದ ಮಾವ ಯಾರದೋ ನೆನಪಿನಿಂದ ಎದ್ದುಬಂದವರಂತೆ ಕಂಡರು. ಪಿಸ್ತೂಲಿನ ಕುದುರೆ ಎಳೆದರು. ‘ಟಕ್’ ಎಂದಿತು, ಅಷ್ಟೇ.

‘ಅಪ್ಪಾ, ತಾ ಇಲ್ಲೆ,’ ಎಂದು ಅಪೂರ್ವಳ ಗಂಡ ಅಮೋಲ ಕೈಚಾಚಿದ.

‘ಕೈ ಹಚ್ಚಬ್ಯಾಡ ಲೇ! ಗುಂಡು ತಡದ ಹಾರಿದ್ರೂ ಹಾರೀತು.’

ಅಷ್ಟರಲ್ಲಿ ಕೂಸು ‘ಅಜ್ಜಾ!’ ಎಂದು ಅಪೂರ್ವಳ ಕೈ ಬಿಡಿಸಿಕೊಂಡು ಓಡಿತು. ಯಾವ ಅಜ್ಜನಾದರೂ ತಿರುಗಿ ನೋಡುತ್ತಿದ್ದ. ಲಗಮಣ್ಣನವರು ತಿರುಗಲಿಲ್ಲ; ನಳಿಗೆ ದಿಬ್ಬಕ್ಕೇ ನೆಟ್ಟಿತ್ತು, ಕಿವಿಯ ಹಿಂದೆ ಬೆವರಿನ ಹನಿಯೊಂದು ಇಳಿಯುತ್ತಿತ್ತು. ಅಪೂರ್ವ ಕೂಸನ್ನು ಬಾಚಿಕೊಂಡು ಮನೆಯತ್ತ ಓಡಿದಳು.

ಮಾವ ಸಾಕಷ್ಟು ಹೊತ್ತು ಹಾಗೆಯೇ ಕಾದು, ಮ್ಯಾಗಝಿನ್ ತೆಗೆದು, ಹಾರದ ಗುಂಡನ್ನು ಹೊರಗೆ ಕೆಡವಿದರು. ಅದರ ಬೆನ್ನಿಗೆ, ಗುಂಡು ಸಿಡಿಸಲು ಬಡಿಯುವ ಸೂಜಿ ತಾಗಿದ ಗುರುತು ಇರುವೆ ಕಚ್ಚಿದಷ್ಟೂ ಇಲ್ಲ. ಹೊಸ ಗುಂಡಿನದೂ ಅದೇ ಪಾಡು. ತಪ್ಪು ಗುಂಡಿನದಲ್ಲ ಎಂದುಕೊಂಡು, ಮನೆಗೆ ಬಂದು ಕಟ್ಟೆಯ ಮೇಲೆ ಬಟ್ಟೆ ಹಾಸಿ ಪಿಸ್ತೂಲನ್ನೇ ಬಿಚ್ಚಿದರು. ಸೂಜಿ ಓಡಾಡುವ ಕೊಳವೆಯಲ್ಲಿ ಪೂಜೆಯ ಕೊಬ್ಬರಿ ಎಣ್ಣೆ, ಕುಂಕುಮ, ಭಂಡಾರದ ಅರಿಶಿನ ಕಲೆತು ಮೇಣದಂತೆ ಕೂತಿದ್ದವು.

‘ಪೂಜಿ ಮಾಡಂದ್ರ ಎಣ್ಣಿ ಹಚ್ಚಿ ಜಳಕಾನ ಮಾಡಿಸೀಯೇನ?’ ಎಂದು ಹೆಂಡತಿಯನ್ನು ಕೇಳಿದರು.

‘ಕುಂಕುಮಕ್ಕ ಬಾಯಿ ಮುಚ್ಚತೈತಿ ಅಂತ ಗೊತ್ತಿದ್ರ ನಿಮಗೂ ಒಂದೀಟು ಹಚ್ಚತಿದ್ನಿ,’ ಎಂದಳು ಅಕ್ಕವ್ವ.

ಅಪೂರ್ವ ನಗಲಿಲ್ಲ. ‘ಮಾವಾರ, ಹಂಗ ಬಿಡ್ರಿ. ಕೆಟ್ಟಿದ್ರ ಕೆಟ್ಟಿರಲಿ.’

ಅವರು ಪೂರ್ತಿ ತಿರುಗಿದರು. ‘ಹಾರೂದಿಲ್ಲಂತ ತಿಳದ್ರ ಯಾರರ ಆಟಕ್ಕ ಹಿಡೀತಾರವ್ವಾ. ಅದ ಭಾಳ ಕೆಟ್ಟ.’

ಉಜ್ಜಿ, ಒಣಗಿಸಿ, ಜೋಡಿಸಿ, ಮತ್ತೆ ದಿಬ್ಬದೆದುರು ನಿಂತರು. ಗುಂಡು ಹಾರಿತು, ಹಕ್ಕಿಗಳು ಮಂಜಿನೊಳಗೆ ಚದುರಿದವು. ಇನ್ನು ಇದು ಈ ಮನೆ ಬಿಡದು ಎಂದುಕೊಂಡಳು ಅಪೂರ್ವ. ಲಗಮಣ್ಣನವರು ಪಿಸ್ತೂಲನ್ನು ಖಾಲಿ ಮಾಡಿ ಚೀಲಕ್ಕಿಟ್ಟು, ಕೋಟು ತೊಟ್ಟರು.

‘ಅಥಣಿ ಪೊಲೀಸ್ ಸ್ಟೇಷನ್ನಿಗೆ ಇದನ್ನ ಒಪ್ಪಿಸಿ ಬರ್ತೀನಿ. ಕೂಸಿಗೆ ಓಡಾಕ ಬಂತು.’

‘ಮತ್ತ ದುರಸ್ತಿ ಯಾಕ ಮಾಡಿದ್ರಿ?’ ಅಮೋಲ ಕೇಳಿದ.

‘ಕೆಟ್ಟದ್ದನ್ನ ಇನ್ನೊಬ್ರ ಕೈಯಾಗ ಕೊಡೂದೇನಲೇ?’

ಇಂಥವರು ನಮ್ಮ ಅಂಜಿಕೆಯನ್ನು ನಾವು ಬಾಯಿ ಬಿಡುವ ಮೊದಲೇ ಕಂಡಿರುತ್ತಾರೆ. ಕಂಡೆವೆಂದು ಮಾತ್ರ ಹೇಳುವುದಿಲ್ಲ. ಅದಕ್ಕೆ ಆಗಬೇಕಾದ ಕೆಲಸವನ್ನು ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ನಡೆಯುತ್ತಾರೆ.