ಹೌದು ಅಂದರೆ ಹೋಯಿತು

"ಯಾವಳಪ್ಪನ ಮನೆ ನೆರಳು ಅಂತ ಕೂತಿದ್ದೀಯೆ, ಮುದಿ ಗೂಬೆ? ಏಳು!"

ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಮೇಸ್ತ್ರಿ ರುಟಿಲಿಯೊ ಹಣ್ಣಿನ ಪೆಟ್ಟಿಗೆಯನ್ನು ಒದ್ದ. ಬಳ್ಳಿಯ ಬುಡದಲ್ಲಿ ಮುದುಡಿದ್ದ ಕ್ರೆಸೆನ್ಸಿಯಾ ಗೂಟ ಹಿಡಿದು ಎದ್ದಳು.

"ಕಾನೂನೈತೆ. ಬಿಸಿಲೇರಿದ್ರೆ ಡೇರೆ ಹಾಕಿ ಕೂರಿಸ್ಬೇಕು," ಎಂದಳು ಪಕ್ಕದ ಸಾಲಿನ ಎವುಲಾಲಿಯಾ.

"ಅದನ್ನೇ ಗಟ್ಟಿ ಮಾಡಕ್ಕೆ ಧಣಿಗಳು ಓಟಿಗೆ ತಂದವ್ರಲ್ಲ, 'ಕೂಲಿಗಾರರ ನೆರಳು' ಅಂತ. ಹೌದು ಅನ್ನಿ, ತಣ್ಣಗಿರಿ," ಎಂದು ರುಟಿಲಿಯೊ ನಕ್ಕ.

ಮಾತು ಎವುಲಾಲಿಯಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಚರ್ಚಿನ ಸಭಾಂಗಣದಲ್ಲಿ ಮತದಾರರಿಗೆ ಪಾಠ ಹೇಳುವ ಹುಡುಗಿ, ಧಣಿಗಳು ಜನರ ಓಟಿಗೆ ಹಾಕಿಸಿದ್ದ ಆ ಪ್ರಶ್ನೆಯನ್ನು ಬಿಡಿಸಿ ಓದಿದ್ದಳು. ತಲೆಬರಹದಲ್ಲಷ್ಟೇ ನೆರಳು. ಒಳಗೆ, ಈಗಿನ ಕಾನೂನು ತೆಗೆದು ಡೇರೆಯನ್ನು ಧಣಿಯ ಮರ್ಜಿಗೆ ಬಿಡಬೇಕೆ ಎಂಬ ಪ್ರಶ್ನೆ. ಹೌದು ಅಂದರೆ ಕಾನೂನು ಹೋಯಿತು, ಇಲ್ಲ ಅಂದರೆ ಉಳಿಯಿತು. "ಹಂಗಾದ್ರೆ ಯಾವುದಕ್ಕೆ ಹಾಕನವ್ವ?" ಎಂದು ಕೇಳಿದರೆ ಹುಡುಗಿ ಕೈಮುಗಿದಿದ್ದಳು. "ಅದೊಂದು ಕೇಳಬೇಡಿ. ನಾವು ಯಾರ ಕಡೆಯೂ ಅಲ್ಲ." ನಾಲ್ಕು ಜನಕ್ಕೆ ಓದಿ ಹೇಳುವ ಕೆಲಸ ಒಪ್ಪಿಕೊಂಡ ಎವುಲಾಲಿಯಾಳಿಗೂ ಅದೇ ಕಟ್ಟು: ಓದಬಹುದು, ಇಂಥದಕ್ಕೆ ಹಾಕು ಅನ್ನುವಂತಿಲ್ಲ.

ಊಟದ ಹೊತ್ತಿಗೆ ಕ್ರೆಸೆನ್ಸಿಯಾ ಬೀನ್ಸ್ ಕಾಳಿನ ರೊಟ್ಟಿಯ ಗಂಟಿನಿಂದ ಅಂಚೆಯಲ್ಲಿ ಬಂದ ಮತಪತ್ರ ತೆಗೆದಳು. ಪ್ರಶ್ನೆಯ ಕೆಳಗೆ 'ಹೌದು', 'ಇಲ್ಲ'; ಒಂದೊಂದರ ಎದುರು ತುಂಬಲು ಒಂದು ಖಾಲಿ ಸೊನ್ನೆ. ಇಬ್ಬರೂ ಮೆಕ್ಸಿಕೋದ ಓಹಾಕದ ಒಂದೇ ಬೀದಿಯವರು. ಕ್ಯಾಲಿಫೋರ್ನಿಯಾದ ಈ ತೋಟಗಳಲ್ಲೇ ಮುದುಕಿಯರಾದವರು.

ಎವುಲಾಲಿಯಾ ಕೊಟ್ಟ ಮಾತು ಮುರಿದಳು. "ಅಕ್ಕಾ, ಇಲ್ಲ ಅನ್ನೋ ಸೊನ್ನೆ ತುಂಬು."

"ನೆರಳು ಬ್ಯಾಡ ಅನ್ಲಾ?"

"ಬ್ಯಾಡ ಅಂದ್ರೇನೆ ಉಳಿಯೋದು ಕಣಕ್ಕ."

"ಹಂಗಾದ್ರೆ ಬಾಯಾರ್ದಾಗ ನೀರು ಬ್ಯಾಡ ಅನ್ಬೇಕೇನೆ?" ಸುತ್ತಲಿದ್ದವರು ಗೊಳ್ಳೆಂದರು.

"ನಗಬ್ಯಾಡ್ರೇ! ಅದು ಧಣಿಗಳು ಬರೆಸಿದ್ದು. ಮಾತು ಉಲ್ಟಾ ಹೊಲ್ದವ್ರೆ!"

ಕ್ರೆಸೆನ್ಸಿಯಾಳ ನಗು ನಿಂತಿತು. ಹಿಂದಿನ ವರ್ಷ ಇದೇ ತೋಟದಲ್ಲಿ ಅವಳ ಗಂಡ ಕೈಯಲ್ಲಿ ಕತ್ತರಿ ಹಿಡಿದಂತೆಯೇ ಉರುಳಿದ್ದ. ಆ ಸಾವಿನ ಗಲಾಟೆಯಿಂದ ಹುಟ್ಟಿದ ಕಾನೂನು ಅದು.

"ನನ್ ಗಂಡನ ಹೆಣದ ಮೇಲೆ ಬಂದ ನೆರಳು. ಅದಕ್ಕೆ ನನ್ ಕೈಯಾಗೇ ಇಲ್ಲ ಅನ್ನಿಸ್ತೀಯಾ? ಎಷ್ಟು ಕೊಟ್ರು ನಿಂಗೆ, ಲೌಡಿ?"

"ಅಕ್ಕಾ, ಓದ್ತೀನಿ ಕೇಳು..."

"ಓದಿದ್ದು ಸಾಕು."

ತಾನು ಓದಬಲ್ಲ ಎರಡೇ ಎರಡು ಮಾತುಗಳಲ್ಲಿ ಒಂದನ್ನು ಅವಳು ಬೆರಳಿಟ್ಟು ಹುಡುಕಿದಳು. 'ಹೌದು'. ಎದುರಿನ ಸೊನ್ನೆಯನ್ನು, ಅಂಚು ದಾಟದ ಹಾಗೆ, ತೊಟ್ಟಿಲ ಕೂಸಿಗೆ ಬೊಟ್ಟಿಡುವಷ್ಟು ಜೋಪಾನವಾಗಿ ತುಂಬಿದಳು. ಮತಪತ್ರವನ್ನು ವಾಪಸು ಕಳಿಸುವ ಲಕೋಟೆಗೆ ಹಾಕಿ, ಮೇಲೆ ಸೊಟ್ಟ ಸಹಿ ಹಾಕಿದಳು. ಅಂಟಿಸಲು ನಾಲಿಗೆ ಚಾಚಿದರೆ ಎಂಜಲಿಲ್ಲ; ನೀರಿನ ಡ್ರಮ್ಮು ಬೆಳಗ್ಗೆಯೇ ಬರಿದಾಗಿತ್ತು. ಬಿರಿದ ತುಟಿಗಳನ್ನು ಅಂಟಿನ ಅಂಚಿಗೆ ಮತ್ತೆ ಮತ್ತೆ ಉಜ್ಜಿದಳು.

"ಕೊಡಜ್ಜಿ ಇಲ್ಲಿ," ಎಂದು ರುಟಿಲಿಯೊ ಬಂದು ಕುಕ್ಕರಗಾಲಲ್ಲಿ ಕೂತ. ತನ್ನ ಬಾಟಲಿಯ ತಣ್ಣೀರಿನಲ್ಲಿ ಬೆರಳು ಅದ್ದಿ, ಅಂಟಿನ ಉದ್ದಕ್ಕೂ ಮೆಲ್ಲಗೆ ಸವರಿ, ಒತ್ತಿ ಮುಚ್ಚಿದ. ಬಾಟಲಿಯ ಬಿರಡೆ ಹಾಕಿಕೊಂಡು ಎದ್ದ.

ಲಕೋಟೆಯ ಅಂಚಿನಲ್ಲಿ ಉಳಿದಿದ್ದ ಹನಿಯನ್ನು ಕ್ರೆಸೆನ್ಸಿಯಾ ನೆಕ್ಕಿದಳು.